ಟ್ಯಾಕ್ರೋ ಲೆವೆಲ್: ಕಿಡ್ನಿ ಕಸಿ ಆದವರೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕಿಡ್ನಿ ಕಸಿ ಆಗಿ ಮನೆಗೆ ಬಂದ ಮೇಲೆ ಮಾತೆಲ್ಲ ಎರಡು ನಂಬರಿನ ಸುತ್ತ ತಿರುಗುತ್ತದೆ. ಒಂದು ಕ್ರಿಯಾಟಿನಿನ್, ಅಂದರೆ ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ತೋರಿಸುವ ನಂಬರು. ಇನ್ನೊಂದು ಟ್ಯಾಕ್ರೋ ಲೆವೆಲ್, ಅಂದರೆ ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ತಗೊಳ್ಳುವ ಟ್ಯಾಕ್ರೋಲಿಮಸ್ (ಟ್ಯಾಕ್ರೋ) ಔಷಧಿ ರಕ್ತದಲ್ಲಿ ಎಷ್ಟಿದೆ ಅನ್ನುವ ಅಳತೆ. ಮೊದಲನೆಯದು ಡಯಾಲಿಸಿಸ್ ಕಾಲದಿಂದಲೇ ಪರಿಚಯ ಇರುತ್ತದೆ. ಗೊಂದಲ ಇರುವುದು ಎರಡನೆಯದರಲ್ಲಿ. ಒಪಿಡಿ ಮುಂದೆ ಕಾಯುವಾಗ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಡಾಕ್ಟರ್ ಅಲ್ಲ, ಕಸಿ ಆದವರ ಮನೆಯವನು. ಡೋಸ್ ಏರಿಸುವ, ಇಳಿಸುವ ಮಾತು ನಿಮ್ಮ ನೆಫ್ರಾಲಜಿಸ್ಟ್ ಜೊತೆಗೇ ಆಗಬೇಕು.

## ಮೊದಲು ತಿಳಿಯಬೇಕಾದ್ದು

ಕ್ರಿಯಾಟಿನಿನ್ ಚೆನ್ನಾಗೇ ಇದೆ, ಮತ್ತೆ ಈ ಲೆವೆಲ್ ಟೆಸ್ಟ್ ಯಾಕೆ?

ಕ್ರಿಯಾಟಿನಿನ್ ಏರುವುದು ಕಿಡ್ನಿಗೆ ಪೆಟ್ಟು ಬಿದ್ದ ಮೇಲೆ. ಲೆವೆಲ್ ನೋಡುವುದು ಪೆಟ್ಟು ಬೀಳದಿರಲಿ ಅಂತ. ಟ್ಯಾಕ್ರೋಲಿಮಸ್ ರಕ್ತದಲ್ಲಿ ಕಡಿಮೆ ಆದರೆ ದೇಹ ಹೊಸ ಕಿಡ್ನಿಯನ್ನು ಹೊರಗಿನದು ಅಂತ ಗುರುತಿಸಿ ಅದರ ಮೇಲೆ ಬೀಳುತ್ತದೆ. ಅದೇ ರಿಜೆಕ್ಷನ್. ಜಾಸ್ತಿ ಆದರೆ ಅದೇ ಔಷಧಿ ಕಿಡ್ನಿಯ ರಕ್ತನಾಳಗಳನ್ನು ಬಿಗಿಮಾಡಿ ಕಿಡ್ನಿಗೇ ತೊಂದರೆ ಕೊಡುತ್ತದೆ, ಜೊತೆಗೆ ಸೋಂಕು, ಸಕ್ಕರೆ ಕಾಯಿಲೆ ಬೇರೆ. ಕಮ್ಮಿಗೂ ಜಾಸ್ತಿಗೂ ನಡುವೆ ಇರುವ ಜಾಗ ತುಂಬಾ ಕಿರಿದು. ಎಷ್ಟು ಮಿಲಿಗ್ರಾಂ ನುಂಗಿದ್ದೀರಿ ಅನ್ನುವುದರಿಂದ ರಕ್ತದಲ್ಲಿ ಎಷ್ಟಿದೆ ಅಂತ ಹೇಳಲು ಬರುವುದಿಲ್ಲ. ಆದ್ದರಿಂದ ಅಳೆದೇ ನೋಡಬೇಕು.

ಒಂದು ಹಿಡಿ ಮಾತ್ರೆ ತಗೋತೀನಿ, ಎಲ್ಲದಕ್ಕೂ ಲೆವೆಲ್ ನೋಡ್ತಾರಾ?

ಇಲ್ಲ. ರಿಜೆಕ್ಷನ್ ತಡೆಯುವ ಔಷಧಿಗಳಲ್ಲಿ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್, ಸಿರೋಲಿಮಸ್, ಎವರೋಲಿಮಸ್ ಇವುಗಳಿಗೆ ನೋಡುತ್ತಾರೆ. ಪ್ರೆಡ್ನಿಸೋಲೋನ್‌ಗೆ ನೋಡುವುದಿಲ್ಲ. ಅಜಾಥಯೋಪ್ರಿನ್‌ಗೆ ಬಿಳಿ ರಕ್ತಕಣಗಳ ಎಣಿಕೆ ನೋಡಿ ಅಂದಾಜು ಮಾಡುತ್ತಾರೆ. ಮೈಕೋಫಿನೊಲೇಟ್‌ಗೂ ಸಾಮಾನ್ಯವಾಗಿ ಇಲ್ಲ, ಕೆಲವು ಕಡೆ ವಿಶೇಷ ಸಂದರ್ಭದಲ್ಲಿ ಹಲವು ಸಲ ರಕ್ತ ತೆಗೆದು ಲೆಕ್ಕ ಹಾಕುವುದುಂಟು.

ಇವತ್ತು ಹೊಸದಾಗಿ ಕಸಿ ಆದವರಲ್ಲಿ ಹೆಚ್ಚಿನವರು ಟ್ಯಾಕ್ರೋ ಮೇಲೆಯೇ ಇರುತ್ತಾರೆ, ಹಾಗಾಗಿ ಕೆಳಗಿನದೆಲ್ಲ ಮುಖ್ಯವಾಗಿ ಅದರ ಬಗ್ಗೆ. 1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದ ಔಷಧಿ ಇದು. ಅದಕ್ಕೂ ಮೊದಲು ಸೈಕ್ಲೋಸ್ಪೋರಿನ್ನೇ ಗತಿ. ಹಳೆಯ ಕಸಿಯವರು ಕೆಲವರು ಇನ್ನೂ ಅದರಲ್ಲೇ ಚೆನ್ನಾಗಿದ್ದಾರೆ. ಸೈಕ್ಲೋಸ್ಪೋರಿನ್ ಆದರೆ ಮಾತ್ರೆ ನುಂಗಿ ಸರಿಯಾಗಿ 2 ಗಂಟೆ ಆದ ಮೇಲೆ ರಕ್ತ ತೆಗೆಯುವ ಪದ್ಧತಿಯೂ ಇದೆ. ನಿಮ್ಮದು ಯಾವುದು ಅಂತ ಕೇಳಿಕೊಂಡೇ ಲ್ಯಾಬಿಗೆ ಹೋಗಿ.

ರಕ್ತ ಕೊಡೋ ದಿನ ಬೆಳಗ್ಗೆ ಮಾತ್ರೆ ತಗೊಂಡು ಹೋಗ್ಬೇಕಾ, ಬಿಟ್ಟು ಹೋಗ್ಬೇಕಾ?

ಟ್ಯಾಕ್ರೋ ಬಿಟ್ಟು ಹೋಗಿ, ಆದರೆ ಮಾತ್ರೆ ಜೇಬಿನಲ್ಲಿ ಇರಲಿ. ರಕ್ತ ಕೊಟ್ಟ ತಕ್ಷಣ ನುಂಗಿ. ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಡಾಕ್ಟರಿಗೆ ಬೇಕಾಗಿರುವುದು ಟ್ರಫ್, ಅಂದರೆ ಮುಂದಿನ ಡೋಸ್ ತಗೊಳ್ಳುವ ಸ್ವಲ್ಪ ಮುಂಚೆ ರಕ್ತದಲ್ಲಿ ಉಳಿದಿರುವ ಅತಿ ಕಡಿಮೆ ಪ್ರಮಾಣ. ದಿನಕ್ಕೆ ಎರಡು ಸಲ ತಗೊಳ್ಳುವವರಿಗೆ ಅದು ಹಿಂದಿನ ಡೋಸ್ ಆಗಿ 12 ಗಂಟೆಗೆ ಬರುತ್ತದೆ. ರಾತ್ರಿ 9ಕ್ಕೆ ತಗೊಂಡರೆ ಬೆಳಗ್ಗೆ 9ಕ್ಕೆ ರಕ್ತ. ಅರ್ಧ ಗಂಟೆ ಹಿಂದೆ ಮುಂದೆ ಆದರೆ ಪರವಾಗಿಲ್ಲ. ಆದರೆ ರಾತ್ರಿ 7ಕ್ಕೆ ನುಂಗಿ ಲ್ಯಾಬಿನ ಸಾಲಿನಲ್ಲಿ ನಿಂತು 10:30ಕ್ಕೆ ರಕ್ತ ಕೊಟ್ಟರೆ ಅದು ಹದಿನೈದೂವರೆ ಗಂಟೆಯ ನಂಬರು. ಕಡಿಮೆ ಬರುತ್ತದೆ, ಡೋಸ್ ಸುಮ್ನೆ ಏರುತ್ತದೆ.

ದೂರದಿಂದ ಬರುವವರಿಗೆ ಒಂದು ಮಾತು. ಬೆಳಗ್ಗೆ 6ರ ಡೋಸ್ ಇಟ್ಟುಕೊಂಡು ಹಾಸನದಿಂದಲೋ ಚಿತ್ರದುರ್ಗದಿಂದಲೋ ಬೆಂಗಳೂರಿಗೆ ಬಂದು 12 ಗಂಟೆಯ ಲೆಕ್ಕಕ್ಕೆ ರಕ್ತ ಕೊಡುವುದು ಆಗದ ಮಾತು. ದಿನದ ಸಮಯವನ್ನೇ 9-9 ಅಥವಾ 10-10 ಮಾಡಿಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಲ್ಯಾಬ್ ಚೀಟಿಯ ಮೇಲೆ ‘ಕೊನೆಯ ಡೋಸ್ ಇಷ್ಟು ಗಂಟೆಗೆ, ರಕ್ತ ಇಷ್ಟು ಗಂಟೆಗೆ’ ಅಂತ ನೀವೇ ಬರೆಯಿರಿ, ಯಾರೂ ಕೇಳದಿದ್ದರೂ ಸರಿ.

ಅಭ್ಯಾಸಬಲದಿಂದ ಬೆಳಗಿನ ಮಾತ್ರೆ ನುಂಗಿಬಿಟ್ಟೆ, ಈಗ ಏನು ಮಾಡ್ಲಿ?

ಅವತ್ತು ಟ್ಯಾಕ್ರೋ ಲೆವೆಲ್ ಕೊಡಬೇಡಿ. ನುಂಗಿದ ಒಂದರಿಂದ ಮೂರು ಗಂಟೆಯೊಳಗೆ ಔಷಧಿ ರಕ್ತದಲ್ಲಿ ಶಿಖರಕ್ಕೆ ಏರಿರುತ್ತದೆ. ಆಗ ಬರುವ ನಂಬರ್ ಟ್ರಫ್‌ಗಿಂತ ಎಷ್ಟೋ ಜಾಸ್ತಿ. ಅದನ್ನು ನೋಡಿ ಯಾರಾದರೂ ಡೋಸ್ ಇಳಿಸಿಬಿಟ್ಟರೆ ಅಪಾಯ ನಿಮಗೇ. ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಇತ್ಯಾದಿ ಕೊಟ್ಟು ಬನ್ನಿ, ಟ್ಯಾಕ್ರೋ ಮಾತ್ರ ಮರುದಿನ. ‘ಬಂದಿದ್ದೀರಲ್ಲ, ಕೊಟ್ಟೇ ಹೋಗಿ’ ಅಂತ ಲ್ಯಾಬಿನವರು ಹೇಳಿದರೂ ಬೇಡ ಅನ್ನಿ.

ಖಾಲಿ ಹೊಟ್ಟೇಲಿ ಇರಬೇಕಾ?

ಟ್ಯಾಕ್ರೋ ಟೆಸ್ಟಿಗೆ ಅಂತ ಉಪವಾಸ ಬೇಕಿಲ್ಲ. ಜೊತೆಗೆ ಫಾಸ್ಟಿಂಗ್ ಶುಗರ್ ಇದ್ದರೆ ಅದಕ್ಕೆ ಬೇಕು. ಮಾತ್ರೆ ನುಂಗುವಾಗ ಮಾತ್ರ ಊಟದ ಲೆಕ್ಕ ಮುಖ್ಯ. ಎಣ್ಣೆ, ತುಪ್ಪದ ಊಟದ ಜೊತೆ ತಗೊಂಡರೆ ಔಷಧಿ ಕಡಿಮೆ ಹೀರಲ್ಪಡುತ್ತದೆ. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಮೂರು ಗಂಟೆ ಆದ ಮೇಲೆ ಅನ್ನುವುದು ಸಾಮಾನ್ಯ ಸಲಹೆ. ಅದು ಆಗದಿದ್ದರೆ ಹೇಗೆ ತಗೊಂಡರೂ ದಿನವೂ ಒಂದೇ ಥರ ತಗೊಳ್ಳಿ.

ಲೆವೆಲ್ ಎಷ್ಟಿದ್ರೆ ಸರಿ?

ಕಸಿ ಆಗಿ ಎಷ್ಟು ದಿನ ಆಯಿತು ಅನ್ನುವುದರ ಮೇಲೆ ಹೋಗುತ್ತದೆ. ಮೊದಲ ಮೂರು ತಿಂಗಳು ರಿಜೆಕ್ಷನ್ ಭಯ ಜಾಸ್ತಿ. ಆಗ ಹಲವು ಕೇಂದ್ರಗಳು ಪ್ರತಿ ಮಿಲಿಲೀಟರ್ ರಕ್ತಕ್ಕೆ 8ರಿಂದ 12 ನ್ಯಾನೋಗ್ರಾಂ ಇರಲಿ ಅನ್ನುತ್ತವೆ. ಆಮೇಲೆ ನಿಧಾನವಾಗಿ ಇಳಿಸುತ್ತಾರೆ, ವರ್ಷದ ನಂತರ 5ರಿಂದ 8ರ ಆಸುಪಾಸು. 2007ರಲ್ಲಿ ಬಂದ ಸಿಂಫನಿ ಅಧ್ಯಯನದಲ್ಲಿ 1,645 ಕಿಡ್ನಿ ಕಸಿಯವರನ್ನು ನಾಲ್ಕು ಗುಂಪು ಮಾಡಿ ನೋಡಿದ್ದರು. 3ರಿಂದ 7 ಅನ್ನುವ ಕಡಿಮೆ ಗುರಿಯ ಟ್ಯಾಕ್ರೋ ಗುಂಪಿಗೇ ಕಿಡ್ನಿ ಕೆಲಸ ಚೆನ್ನಾಗಿತ್ತು, ರಿಜೆಕ್ಷನ್ನೂ ಕಡಿಮೆ. ಆದರೆ ಅವರ ಜೊತೆಗೆ ಮೈಕೋಫಿನೊಲೇಟ್, ಸ್ಟೀರಾಯ್ಡ್ ಎಲ್ಲ ಇದ್ದವು ಅನ್ನುವುದನ್ನು ಮರೆಯಬಾರದು.

ನಿಮ್ಮ ಗುರಿ ನಿಮ್ಮದೇ. ಮೊದಲು ರಿಜೆಕ್ಷನ್ ಆಗಿದ್ದವರಿಗೆ ಜಾಸ್ತಿ ಇಡಬಹುದು. ಕಸಿ ಆದ ಕಿಡ್ನಿಗೆ ತೊಂದರೆ ಕೊಡುವ ಬಿಕೆ ವೈರಸ್ ಬಂದವರಿಗೆ, ಕ್ಯಾನ್ಸರ್ ಆದವರಿಗೆ ಇಳಿಸಬಹುದು. ಲ್ಯಾಬ್ ರಿಪೋರ್ಟಿನಲ್ಲಿ ಪಕ್ಕಕ್ಕೆ ಅಚ್ಚಾಗಿರುವ ‘ನಾರ್ಮಲ್’ 5-20 ಅನ್ನುವಂಥ ಸಾಲನ್ನು ನೋಡಿ ಸಮಾಧಾನವೂ ಬೇಡ, ಗಾಬರಿಯೂ ಬೇಡ.

ಎಷ್ಟು ದಿನಕ್ಕೊಮ್ಮೆ ಕೊಡ್ಬೇಕು?

ಆಸ್ಪತ್ರೆಯಲ್ಲಿ ಇರುವಾಗ ದಿನ ಬಿಟ್ಟು ದಿನ. ಮನೆಗೆ ಬಂದ ಮೇಲೆ ವಾರಕ್ಕೆ ಒಂದೆರಡು ಸಲ, ಆಮೇಲೆ ಹದಿನೈದು ದಿನಕ್ಕೆ, ತಿಂಗಳಿಗೆ. ಸ್ಥಿರವಾದ ಮೇಲೆ ಒಂದರಿಂದ ಮೂರು ತಿಂಗಳಿಗೊಮ್ಮೆ. ಡೋಸ್ ಬದಲಾದರೆ, ಬ್ರ್ಯಾಂಡ್ ಬದಲಾದರೆ, ಹೊಸ ಔಷಧಿ ಸೇರಿದರೆ, ವಾಂತಿ-ಭೇದಿ ಆದರೆ, ಕ್ರಿಯಾಟಿನಿನ್ ಏರಿದರೆ ಲೆಕ್ಕ ಮತ್ತೆ ಶುರು. ಡೋಸ್ ಬದಲಿಸಿದ ಮರುದಿನವೇ ನೋಡಿ ಪ್ರಯೋಜನ ಇಲ್ಲ. ರಕ್ತದಲ್ಲಿ ಹೊಸ ಮಟ್ಟ ನೆಲೆಗೊಳ್ಳಲು ಎರಡು ಮೂರು ದಿನವಾದರೂ ಬೇಕು. ಸಿರೋಲಿಮಸ್ ಇನ್ನೂ ನಿಧಾನ, ಅದಕ್ಕೆ ವಾರಕ್ಕೂ ಜಾಸ್ತಿ ಕಾಯಬೇಕು.

## ದಿನನಿತ್ಯದ ತೊಡಕುಗಳು

ನನಗೆ ದಿನಕ್ಕೆ 2 ಮಿಲಿಗ್ರಾಂ ಸಾಕು, ನನ್ನ ಜೊತೆ ಕಸಿ ಆದವರಿಗೆ 8. ಅವರ ಕಿಡ್ನಿ ಕೆಟ್ಟಿದೆಯಾ?

ಇಲ್ಲ. ಟ್ಯಾಕ್ರೋವನ್ನು ಕರುಳು ಮತ್ತು ಲಿವರಿನ ಕಿಣ್ವಗಳು ಒಡೆಯುತ್ತವೆ. ಸಿವೈಪಿ3ಎ5 ಅನ್ನುವ ಕಿಣ್ವ ಕೆಲವರಲ್ಲಿ ಕೆಲಸ ಮಾಡುತ್ತದೆ, ಕೆಲವರಲ್ಲಿ ಹುಟ್ಟಿನಿಂದಲೇ ಇಲ್ಲ. ಇದ್ದವರಿಗೆ ಅದೇ ಲೆವೆಲ್ ಮುಟ್ಟಲು ಒಂದೂವರೆಯಿಂದ ಎರಡು ಪಟ್ಟು ಡೋಸ್ ಬೇಕು. ಇದನ್ನು ಜೀನ್ ಪರೀಕ್ಷೆಯಲ್ಲಿ ಮೊದಲೇ ತಿಳಿಯಬಹುದು. ಆದರೆ ಪರೀಕ್ಷೆ ಮಾಡಿಸಿದರೂ ಲೆವೆಲ್ ನೋಡುವುದು ತಪ್ಪುವುದಿಲ್ಲ. ಮಿಲಿಗ್ರಾಂ ಹೋಲಿಸಿಕೊಂಡು ಕೂರುವುದರಲ್ಲಿ ಅರ್ಥವಿಲ್ಲ, ಜೊತೆಗೆ ಕಸಿ ಆದವರಾದರೂ ಅಷ್ಟೇ, ಅಣ್ಣ ತಮ್ಮಂದಿರಾದರೂ ಅಷ್ಟೇ.

ಮೂರು ದಿನದಿಂದ ಭೇದಿ. ಮಾತ್ರೆ ಎಲ್ಲ ಹೊರಗೆ ಹೋಗಿರುತ್ತೆ, ಒಂದು ಜಾಸ್ತಿ ತಗೊಳ್ಲಾ?

ಬೇಡ, ದಯವಿಟ್ಟು ಬೇಡ. ಭೇದಿಯಲ್ಲಿ ಟ್ಯಾಕ್ರೋ ಲೆವೆಲ್ ಹೆಚ್ಚಾಗಿ ಏರುತ್ತದೆ. ಎಲ್ಲರಿಗೂ ಆಶ್ಚರ್ಯ ಆಗುವ ವಿಷಯ ಇದು. ಆರೋಗ್ಯವಾಗಿರುವ ಕರುಳಿನ ಗೋಡೆಯೇ ಔಷಧಿಯ ದೊಡ್ಡ ಪಾಲನ್ನು ಒಡೆದುಹಾಕುತ್ತಿರುತ್ತದೆ, ಬಂದಷ್ಟನ್ನು ವಾಪಸ್ ತಳ್ಳುತ್ತಲೂ ಇರುತ್ತದೆ. ಭೇದಿಯಲ್ಲಿ ಆ ಕಾವಲು ಸಡಿಲವಾಗಿ ಔಷಧಿ ಜಾಸ್ತಿ ಒಳಗೆ ನುಗ್ಗುತ್ತದೆ. ಒಂದು ಕಡೆ ನೀರು ಕಳೆದುಕೊಂಡು ಕಿಡ್ನಿ ಒಣಗಿರುತ್ತದೆ, ಇನ್ನೊಂದು ಕಡೆ ಟ್ಯಾಕ್ರೋ 15, 20ಕ್ಕೆ ಏರಿರುತ್ತದೆ, ಎರಡೂ ಸೇರಿ ಕ್ರಿಯಾಟಿನಿನ್ ಹಾರುತ್ತದೆ, ಮನೆಯವರು ರಿಜೆಕ್ಷನ್ ಅಂತ ಹೆದರುತ್ತಾರೆ. ಎರಡು ದಿನಕ್ಕಿಂತ ಜಾಸ್ತಿ ಭೇದಿ ಇದ್ದರೆ ಲೆವೆಲ್ ಮತ್ತು ಕ್ರಿಯಾಟಿನಿನ್ ಎರಡೂ ಮಾಡಿಸಿ, ಆಸ್ಪತ್ರೆಗೆ ಫೋನ್ ಮಾಡಿ.

ವಾಂತಿಯ ಕಥೆ ಬೇರೆ. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಮತ್ತೆ ತಗೊಳ್ಳಬೇಕಾಗಬಹುದು. ಎಷ್ಟು ನಿಮಿಷದ ಒಳಗೆ ಅನ್ನುವ ನಿಯಮ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ, ನಿಮ್ಮ ಆಸ್ಪತ್ರೆಯ ಕಸಿ ಕೋಆರ್ಡಿನೇಟರ್ ಹತ್ತಿರ ಈಗಲೇ ಕೇಳಿ ಫೈಲಿನಲ್ಲಿ ಬರೆದಿಡಿ.

ಊರಿನ ಡಾಕ್ಟರ್ ಕೆಮ್ಮಿಗೆ ಆಂಟಿಬಯೋಟಿಕ್ ಕೊಟ್ಟಿದ್ದಾರೆ, ತಗೋಬಹುದಾ?

ಹೆಸರು ನೋಡದೆ ಬೇಡ. ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್ ಟ್ಯಾಕ್ರೋವನ್ನು ಜೋರಾಗಿ ಏರಿಸುತ್ತವೆ. ಅಜಿಥ್ರೋಮೈಸಿನ್ ಅಷ್ಟು ತೊಂದರೆ ಕೊಡುವುದಿಲ್ಲ. ಹುಳುಕಡ್ಡಿಗೆ ಸಲೀಸಾಗಿ ಬರೆಯುವ ಫ್ಲುಕೊನಜೋಲ್, ಇಟ್ರಾಕೊನಜೋಲ್ ಏರಿಸುತ್ತವೆ. ವೊರಿಕೊನಜೋಲ್ ಶುರು ಮಾಡಿದರೆ ಟ್ಯಾಕ್ರೋವನ್ನು ಮೂರನೇ ಒಂದು ಭಾಗಕ್ಕೆ ಇಳಿಸುವುದು ರೂಢಿ. ಬಿಪಿಯ ಡಿಲ್ಟಿಯಾಜೆಮ್ ಏರಿಸುತ್ತದೆ. ಕೆಲವು ಡಾಕ್ಟರುಗಳು ಬೇಕಂತಲೇ ಅದನ್ನು ಕೊಟ್ಟು ಟ್ಯಾಕ್ರೋ ಖರ್ಚು ಇಳಿಸುತ್ತಾರೆ. ಹಾಗೆ ಕೊಟ್ಟಿದ್ದರೆ ಬೇರೆ ಡಾಕ್ಟರ್ ‘ಬಿಪಿ ಸರಿಯಾಗಿದೆ, ಇದು ಬೇಡ’ ಅಂತ ನಿಲ್ಲಿಸಿದ ವಾರದಲ್ಲೇ ಲೆವೆಲ್ ಬೀಳುತ್ತದೆ. ಕೋವಿಡ್‌ಗೆ ಕೊಡುವ ರಿಟೊನಾವಿರ್ ಇರುವ ಮಾತ್ರೆಯಂತೂ ಟ್ಯಾಕ್ರೋವನ್ನು ಆಕಾಶಕ್ಕೆ ಏರಿಸುತ್ತದೆ.

ಇಳಿಸುವವು ಫಿಟ್ಸ್ ಔಷಧಿಗಳಾದ ಫೆನಿಟಾಯಿನ್, ಕಾರ್ಬಮಜೆಪಿನ್ ಮತ್ತು ಟಿಬಿಯ ರಿಫಾಂಪಿಸಿನ್. ನೋವಿನ ಮಾತ್ರೆಗಳು, ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು, ಲೆವೆಲ್‌ಗೆ ಏನೂ ಮಾಡದಿದ್ದರೂ ಕಿಡ್ನಿಗೆ ನೇರವಾಗಿ ಪೆಟ್ಟು ಕೊಡುತ್ತವೆ, ಅವು ಬೇಡವೇ ಬೇಡ.

ಟಿಬಿ ಅಂತ ಗೊತ್ತಾಗಿದೆ. ಟಿಬಿ ಔಷಧಿ ತಗೊಂಡ್ರೆ ಕಿಡ್ನಿ ಹೋಗುತ್ತೆ ಅಂತಾರೆ, ನಿಜಾನಾ?

ಎಚ್ಚರ ಇದ್ದರೆ ಹೋಗಬೇಕಾಗಿಲ್ಲ. ನಮ್ಮ ದೇಶದಲ್ಲಿ ಕಸಿ ಆದವರಿಗೆ ಟಿಬಿ ಬರುವುದು ಅಪರೂಪ ಏನಲ್ಲ. ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಕೆರಳಿಸಿ ಟ್ಯಾಕ್ರೋವನ್ನು ಬೇಗ ಒಡೆಸುತ್ತದೆ, ಮೊದಲಿನ ಲೆವೆಲ್ ಉಳಿಸಲು ಡೋಸ್ ಹಲವು ಪಟ್ಟು ಏರಿಸಬೇಕಾಗುತ್ತದೆ, ಖರ್ಚೂ ಹಾಗೇ ಏರುತ್ತದೆ. ಅದಕ್ಕೇ ಕೆಲವರು ರಿಫಾಂಪಿಸಿನ್ ಬದಲು ರಿಫಾಬುಟಿನ್ ಬಳಸುತ್ತಾರೆ, ಅದರ ಪರಿಣಾಮ ಕಡಿಮೆ. ಕೆಲವರು ಎರಡೂ ಇಲ್ಲದ ಬೇರೆ ಜೋಡಿ ಕೊಟ್ಟು ಹೆಚ್ಚು ತಿಂಗಳು ನಡೆಸುತ್ತಾರೆ. ಜನ ಮರೆಯುವ ಘಟ್ಟ ಕೊನೆಯದು. ಟಿಬಿ ಕೋರ್ಸ್ ಮುಗಿದು ರಿಫಾಂಪಿಸಿನ್ ನಿಲ್ಲಿಸಿದ ಮೇಲೆ ಸುಮಾರು ಎರಡು ವಾರದಲ್ಲಿ ಕಿಣ್ವಗಳು ತಣ್ಣಗಾಗುತ್ತವೆ, ಏರಿಸಿದ ಡೋಸ್ ಹಾಗೇ ಇದ್ದರೆ ಲೆವೆಲ್ ವಿಷದ ಮಟ್ಟಕ್ಕೆ ಹೋಗುತ್ತದೆ. ಶುರು ಮಾಡುವಾಗ ಎಷ್ಟು ಸಲ ರಕ್ತ ಕೊಟ್ಟಿರೋ ನಿಲ್ಲಿಸುವಾಗಲೂ ಅಷ್ಟೇ ಸಲ ಕೊಡಿ.

ಚಕ್ಕೋತ ತಿನ್ನಬಾರದಾ? ಕಷಾಯ, ಅರಿಶಿನ, ಅಮೃತಬಳ್ಳಿ?

ಚಕ್ಕೋತ ಬೇಡ. ದೇವನಹಳ್ಳಿ ಕಡೆಯವರಿಗೆ ಇದು ಬೇಜಾರಿನ ಉತ್ತರ ಅಂತ ಗೊತ್ತು, ಜಿಐ ಗುರುತು ಸಿಕ್ಕಿದ ಹಣ್ಣು ಬೇರೆ. ಆದರೆ ಗ್ರೇಪ್‌ಫ್ರೂಟ್ ಅನ್ನುವ ಹಣ್ಣಿನ ಹತ್ತಿರದ ನೆಂಟ ಅದು. ಇಬ್ಬರಲ್ಲೂ ಇರುವ ಫ್ಯೂರನೊಕುಮರಿನ್ ಅನ್ನುವ ವಸ್ತು ಕರುಳಿನ ಕಿಣ್ವವನ್ನು ಕಟ್ಟಿಹಾಕಿ ಟ್ಯಾಕ್ರೋ ಏರಿಸುತ್ತದೆ. ಒಂದು ತೊಳೆ ತಾನೇ, ಸಂಜೆಗೆ ಸರಿಹೋಗುತ್ತೆ ಅಂತ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ, ಪರಿಣಾಮ ಒಂದೆರಡು ದಿನ ಉಳಿಯುತ್ತದೆ. ಮೂಸಂಬಿ, ಸಾಮಾನ್ಯ ಕಿತ್ತಳೆಗೆ ಈ ಸಮಸ್ಯೆ ಇಲ್ಲ.

ಸಾರಿಗೆ ಹಾಕುವ ಅರಿಶಿನಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಚಮಚಗಟ್ಟಲೆ ಅರಿಶಿನ, ಕುರ್ಕುಮಿನ್ ಕ್ಯಾಪ್ಸೂಲ್ ಬೇಡ. ಅಮೃತಬಳ್ಳಿ, ಅಶ್ವಗಂಧ ಮೊದಲಾದವನ್ನು ಮಾರುವುದೇ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತವೆ ಅಂತ, ನೀವು ಸಾವಿರಾರು ರೂಪಾಯಿ ಕೊಟ್ಟು ಅದನ್ನೇ ಇಳಿಸಲು ಮಾತ್ರೆ ನುಂಗುತ್ತಿದ್ದೀರಿ, ಅಲ್ವಾ?

ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡಬಹುದಾ?

ಒಂದು ಹೊತ್ತಿನ ಉಪವಾಸದಲ್ಲಿ ನೀರು ಕುಡಿದು ಮಾತ್ರೆಯನ್ನು ಅದೇ ಸಮಯಕ್ಕೆ ತಗೊಳ್ಳುವುದಾದರೆ ಲೆವೆಲ್‌ಗೆ ದೊಡ್ಡ ಸಮಸ್ಯೆ ಇಲ್ಲ. ನಿರ್ಜಲ ಬೇಡ. ರಂಜಾನ್‌ನಲ್ಲಿ ಇಫ್ತಾರ್‌ನಿಂದ ಸಹರಿಗೆ 12 ಗಂಟೆ ಸಿಗದೆ ಡೋಸ್ ಅಂತರ ಏರುಪೇರಾಗುತ್ತದೆ, ಆದ್ದರಿಂದ ತಿಂಗಳು ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ. ಕಸಿ ಆದ ಮೊದಲ ವರ್ಷದಲ್ಲಿ ಯಾವ ಉಪವಾಸವೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಅಂಗಡಿಯವರು ನಮ್ಮ ಬ್ರ್ಯಾಂಡ್ ಇಲ್ಲ, ಇದೂ ಅದೇ ಅಂತ ಬೇರೆ ಕೊಟ್ರು. ಆಗುತ್ತಾ?

ಪ್ಯಾನ್‌ಗ್ರಾಫ್, ಟ್ಯಾಕ್ರೋಗ್ರಾಫ್, ಪ್ರೋಗ್ರಾಫ್ ಒಳಗೆ ಇರುವುದೆಲ್ಲ ಟ್ಯಾಕ್ರೋಲಿಮಸ್ಸೇ. ಯಾವುದೂ ಕೆಟ್ಟದ್ದಲ್ಲ. ತೊಂದರೆ ಇರುವುದು ತಿಂಗಳಿಗೊಂದು ಬದಲಿಸುವುದರಲ್ಲಿ. ದೇಹ ಹೀರುವ ಪ್ರಮಾಣದಲ್ಲಿ ಸಣ್ಣ ವ್ಯತ್ಯಾಸ ಇರಬಹುದು, ಕಮ್ಮಿಗೂ ಜಾಸ್ತಿಗೂ ನಡುವಿನ ಜಾಗ ಇಷ್ಟು ಕಿರಿದಾದ ಔಷಧಿಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಬದಲಿಸಲೇಬೇಕಾದರೆ ಡಾಕ್ಟರಿಗೆ ಹೇಳಿ, ಒಂದು ವಾರದಲ್ಲಿ ಲೆವೆಲ್ ನೋಡಿಸಿ. ದಿನಕ್ಕೊಮ್ಮೆಯ ಕ್ಯಾಪ್ಸೂಲನ್ನು ದಿನಕ್ಕೆರಡು ಸಲದ್ದಕ್ಕೆ ಬದಲಾಗಿ ಕೊಟ್ಟಿದ್ದಾರಾ ಅಂತ ಸ್ಟ್ರಿಪ್ ಮೇಲೆ ಓದಿ, ಆ ತಪ್ಪು ಮಾತ್ರ ನಿಜಕ್ಕೂ ಅಪಾಯದ್ದು. ಮನೆಯಲ್ಲಿ ಹದಿನೈದು ದಿನದ ಮಾತ್ರೆ ಯಾವಾಗಲೂ ಮುಂದಾಗಿ ಇರಲಿ.

ರಾತ್ರಿ ಡೋಸ್ ಮರೆತೆ. ಬೆಳಗ್ಗೆ ಎರಡು ಸೇರಿಸಿ ತಗೊಳ್ಲಾ?

ಯಾವತ್ತೂ ಎರಡು ಸೇರಿಸಬೇಡಿ. ಕೆಲವೇ ಗಂಟೆ ತಡವಾಗಿ ನೆನಪಾದರೆ ಆಗಲೇ ತಗೊಳ್ಳಿ. ಮುಂದಿನ ಡೋಸ್ ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟು ಮಾಮೂಲಿಯಂತೆ ಮುಂದುವರಿಸಿ. ಅವತ್ತು ಲೆವೆಲ್ ಕೊಡಬೇಡಿ, ಕೊಟ್ಟಿದ್ದರೆ ಮರೆತದ್ದನ್ನು ಡಾಕ್ಟರಿಗೆ ಹೇಳಿ. ಬೈತಾರೆ ಅಂತ ಮುಚ್ಚಿಟ್ಟರೆ ಅವರು ಸುಳ್ಳು ನಂಬರ್ ನೋಡಿ ಡೋಸ್ ಏರಿಸುತ್ತಾರೆ.

ಕೈ ನಡುಗುತ್ತೆ, ಕಾಫಿ ಲೋಟ ಹಿಡಿಯೋಕಾಗಲ್ಲ. ಲೆವೆಲ್ ಜಾಸ್ತಿ ಇದೆಯಾ?

ಇರಬಹುದು. ನಡುಕ, ತಲೆನೋವು, ನಿದ್ದೆ ಬಾರದಿರುವುದು, ಸಕ್ಕರೆ ಏರುವುದು, ಪೊಟ್ಯಾಸಿಯಂ ಏರುವುದು, ಮೆಗ್ನೀಸಿಯಂ ಇಳಿಯುವುದು ಇವೆಲ್ಲ ಲೆವೆಲ್ ಜೊತೆ ಸೇರಿ ಬರುತ್ತವೆ. ಸರಿಯಾದ ಲೆವೆಲ್‌ನಲ್ಲೂ ಕೆಲವರಿಗೆ ಸ್ವಲ್ಪ ನಡುಕ ಇರುತ್ತದೆ, ಅದು ಮಾತ್ರೆ ತಗೊಂಡ ಎರಡು ಗಂಟೆಯಲ್ಲಿ ಜಾಸ್ತಿ. ಪೊಟ್ಯಾಸಿಯಂ ಮೇಲಿದ್ದಾಗ ಕಸಿ ಆಯಿತಲ್ಲ, ಇನ್ನೇನು ಅಂತ ಎಳನೀರು ಶುರು ಮಾಡಬೇಡಿ, ರಿಪೋರ್ಟ್ ನೋಡಿ ಕೇಳಿಕೊಂಡು ಕುಡಿಯಿರಿ.

## ಸ್ವಲ್ಪ ಆಳಕ್ಕೆ

ಒಂದೇ ದಿನ ಎರಡು ಲ್ಯಾಬಲ್ಲಿ ಕೊಟ್ಟೆ, ಒಂದರಲ್ಲಿ 6.1, ಇನ್ನೊಂದರಲ್ಲಿ 7.4. ಯಾವುದು ಸುಳ್ಳು?

ಎರಡೂ ನಿಜ ಇರಬಹುದು. ಹೆಚ್ಚಿನ ಲ್ಯಾಬುಗಳು ಇಮ್ಯುನೊಅಸ್ಸೇ ಅನ್ನುವ ವಿಧಾನ ಬಳಸುತ್ತವೆ. ಅದು ಟ್ಯಾಕ್ರೋ ಒಡೆದು ಆದ ತುಣುಕುಗಳನ್ನೂ ಸ್ವಲ್ಪ ಎಣಿಸಿಬಿಡುತ್ತದೆ, ಹಾಗಾಗಿ ನಂಬರ್ ಮೇಲೆ ಬರುತ್ತದೆ. ಮಾಸ್ ಸ್ಪೆಕ್ಟ್ರೊಮೆಟ್ರಿ ವಿಧಾನ ಔಷಧಿಯನ್ನು ಮಾತ್ರ ಎಣಿಸುತ್ತದೆ. ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ವಿಧಾನ ಬರೆದಿರುತ್ತಾರೆ, ನೋಡಿ. ಒಂದೇ ಲ್ಯಾಬ್, ಒಂದೇ ವಿಧಾನ ಹಿಡಿದುಕೊಳ್ಳಿ. ಬದಲಿಸಿದರೆ ರಿಪೋರ್ಟ್ ಮೇಲೆ ಬರೆದು ಡಾಕ್ಟರಿಗೆ ತೋರಿಸಿ.

ಲೆವೆಲ್ ಸರಿಯಾಗೇ ಇತ್ತು, ಆದ್ರೂ ರಿಜೆಕ್ಷನ್ ಆಯ್ತು. ಹೇಗೆ?

ಲೆವೆಲ್ ಹೇಳುವುದು ರಕ್ತದಲ್ಲಿ ಔಷಧಿ ಎಷ್ಟಿದೆ ಅನ್ನುವುದನ್ನು ಮಾತ್ರ. ನಿಮ್ಮ ರೋಗನಿರೋಧಕ ವ್ಯವಸ್ಥೆ ಎಷ್ಟು ತಣ್ಣಗಿದೆ ಅಂತ ಅದು ಹೇಳುವುದಿಲ್ಲ. ದಾನಿಯ ಅಂಗಾಂಶದ ವಿರುದ್ಧ ಆ್ಯಂಟಿಬಾಡಿ ಹುಟ್ಟಿದ್ದರೆ ಸರಿಯಾದ ಟ್ಯಾಕ್ರೋ ಇದ್ದೂ ರಿಜೆಕ್ಷನ್ ಆಗಬಹುದು. ಅದಕ್ಕೇ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಆ ಆ್ಯಂಟಿಬಾಡಿ ಹುಡುಕುವ ಡಿಎಸ್ಎ ಪರೀಕ್ಷೆ, ಬೇಕಾದರೆ ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಬಯಾಪ್ಸಿ. ಕ್ರಿಯಾಟಿನಿನ್ ಏರಿದಾಗ ಅದು ರಿಜೆಕ್ಷನ್ನೋ, ಟ್ಯಾಕ್ರೋ ವಿಷವೋ, ಬಿಕೆ ವೈರಸ್ಸೋ ಅಂತ ಖಚಿತವಾಗಿ ಹೇಳಲು ಎಷ್ಟೋ ಸಲ ಬಯಾಪ್ಸಿಯೇ ಬೇಕು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ ದಿಕ್ಕಿಗೆ ಹೋಗುತ್ತದೆ.

ಒಂದ್ಸಲ 5, ಒಂದ್ಸಲ 11, ಮತ್ತೆ 6. ಸರಾಸರಿ ಸರಿಯಾಗೇ ಇದೆಯಲ್ಲ?

ಸರಾಸರಿಯಿಂದ ಕಿಡ್ನಿ ಬದುಕುವುದಿಲ್ಲ. ಒಂದೇ ಡೋಸಿನಲ್ಲಿ ಲೆವೆಲ್ ಹೀಗೆ ಕುಣಿಯುವವರಿಗೆ ಮುಂದೆ ರಿಜೆಕ್ಷನ್, ಹೊಸ ಆ್ಯಂಟಿಬಾಡಿ, ಕಿಡ್ನಿ ಕಳೆದುಕೊಳ್ಳುವುದು ಜಾಸ್ತಿ ಅಂತ ಹಲವು ಅಧ್ಯಯನಗಳು ತೋರಿಸಿವೆ. ಏರುಪೇರು ಶೇಕಡಾ 30 ದಾಟಿದರೆ ಡಾಕ್ಟರುಗಳು ಗಮನ ಕೊಡುತ್ತಾರೆ. ಕಾರಣ ಹುಡುಕುವಾಗ ಮೊದಲು ಸಮಯ ನೋಡಿ, ಮಾತ್ರೆಯದೂ ರಕ್ತ ಕೊಟ್ಟದ್ದೂ. ಆಮೇಲೆ ಊಟ, ಬ್ರ್ಯಾಂಡ್, ಲ್ಯಾಬ್, ಬೇರೆ ಔಷಧಿ. ನನಗೆ ಗೊತ್ತಿರುವ ಮಟ್ಟಿಗೆ ಹೆಚ್ಚಿನ ಕುಣಿತ ಗಡಿಯಾರದ ಹತ್ತಿರವೇ ಬಗೆಹರಿಯುತ್ತದೆ.

ರಕ್ತಹೀನತೆ ಇದ್ರೆ, ಗರ್ಭಿಣಿ ಆದ್ರೆ ನಂಬರ್ ಬೇರೆ ಓದಬೇಕಾ?

ಹೌದು. ಟ್ಯಾಕ್ರೋದ ಬಹುಪಾಲು ಕೆಂಪು ರಕ್ತಕಣಗಳಿಗೆ ಅಂಟಿಕೊಂಡು ಇರುತ್ತದೆ. ಅದಕ್ಕೇ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡೀ ರಕ್ತ ತೆಗೆಯುತ್ತಾರೆ, ಕಣಗಳನ್ನು ಬೇರ್ಪಡಿಸಿದ ಸೀರಂ ಅಲ್ಲ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಒಟ್ಟು ನಂಬರ್ ಇಳಿದು ಕಾಣುತ್ತದೆ, ಆದರೆ ಕೆಲಸ ಮಾಡುವ ಬಿಡಿ ಔಷಧಿ ಅಷ್ಟು ಇಳಿದಿರುವುದಿಲ್ಲ. ಗರ್ಭಿಣಿಯರಲ್ಲಿ ಇದು ಎದ್ದು ಕಾಣುತ್ತದೆ. ನಂಬರ್ ಬಿತ್ತು ಅಂತ ಡೋಸ್ ಏರಿಸುತ್ತಾ ಹೋದರೆ ವಿಷ ಆಗಬಹುದು. ಮಗು ಬೇಕು ಅನ್ನುವವರು ಮೊದಲೇ ಹೇಳಬೇಕು. ಮೈಕೋಫಿನೊಲೇಟ್ ಮಗುವಿಗೆ ಹಾನಿ ಮಾಡುತ್ತದೆ, ಗರ್ಭಕ್ಕೆ ಮುಂಚೆಯೇ ಬದಲಿಸಬೇಕು. ಟ್ಯಾಕ್ರೋ ಸಾಮಾನ್ಯವಾಗಿ ಮುಂದುವರಿಯುತ್ತದೆ.

ದಿನಕ್ಕೊಮ್ಮೆಯ ಮಾತ್ರೆಗೆ ಬದಲಾದೆ, ಲೆವೆಲ್ ಯಾವಾಗ ಕೊಡಲಿ?

24 ಗಂಟೆಗೆ. ಬೆಳಗ್ಗೆ 9ಕ್ಕೆ ತಗೊಳ್ಳುವವರು ಮರುದಿನ 9ಕ್ಕೆ ರಕ್ತ ಕೊಟ್ಟು ನುಂಗಿ. ಬದಲಾದ ಮೊದಲ ವಾರಗಳಲ್ಲಿ ಅದೇ ಮಿಲಿಗ್ರಾಂಗೆ ಲೆವೆಲ್ ಸ್ವಲ್ಪ ಇಳಿಯುವುದು ಸಾಮಾನ್ಯ. ಕ್ಯಾಪ್ಸೂಲ್ ಬಿಡಿಸಿ, ಅಗಿದು ತಿನ್ನಬೇಡಿ.

ನಮ್ಮೂರಲ್ಲಿ ಈ ಟೆಸ್ಟ್ ಇಲ್ಲ, ಪ್ರತಿ ಸಲ ಬೆಂಗಳೂರಿಗೇ ಹೋಗ್ಬೇಕಾ?

ಬೇಕಾಗಿಲ್ಲ. ಟ್ಯಾಕ್ರೋ ಇಡೀ ರಕ್ತದಲ್ಲಿ ಬೇಗ ಹಾಳಾಗುವುದಿಲ್ಲ, ತಣ್ಣಗೆ ಇಟ್ಟರೆ ದಿನಗಟ್ಟಲೆ ಉಳಿಯುತ್ತದೆ. ದೊಡ್ಡ ಲ್ಯಾಬುಗಳ ಸಂಗ್ರಹ ಕೇಂದ್ರಗಳು ಜಿಲ್ಲೆಗಳಲ್ಲಿ ರಕ್ತ ತೆಗೆದು ಕಳಿಸುತ್ತವೆ. ನಿಮ್ಮ ಕೆಲಸ ಸರಿಯಾದ ಗಂಟೆಗೆ ತೆಗೆಸುವುದು. ಬಿಪಿಎಲ್ ಕಾರ್ಡ್ ಇರುವವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಅಂಗಾಂಗ ಕಸಿ ಯೋಜನೆಯಲ್ಲಿ ಔಷಧಿಗೆ ಏನು ಸಿಗುತ್ತದೆ ಅಂತ ಕಸಿ ಆದ ಆಸ್ಪತ್ರೆಯ ಕೋಆರ್ಡಿನೇಟರನ್ನು ಕೇಳಿ.

ಮಗಳ ಹತ್ತಿರ ಲಂಡನ್ನಿಗೆ ಹೋಗಿದ್ದೆ, ಅಲ್ಲಿನ ರಿಪೋರ್ಟಲ್ಲಿ ಬೇರೆ ಅಳತೆ ಬರೆದಿದ್ದಾರೆ. ಹೇಗೆ ಹೋಲಿಸಲಿ?

ಅಲ್ಲಿ ಲೀಟರಿಗೆ ಮೈಕ್ರೋಗ್ರಾಂ, ಇಲ್ಲಿ ಮಿಲಿಲೀಟರಿಗೆ ನ್ಯಾನೋಗ್ರಾಂ. ನಂಬರ್ ಒಂದೇ, ಅಲ್ಲಿನ 6 ಇಲ್ಲಿನ 6. ವಿಮಾನದಲ್ಲಿ ಗಡಿಯಾರ ಬದಲಾದರೂ 12 ಗಂಟೆ ಅಂತರ ಎಣಿಸಿ, ಅಲ್ಲಿ ಇಳಿದ ಮೇಲೆ ಡೋಸಿನ ಸಮಯವನ್ನು ದಿನಕ್ಕೆ ಒಂದೆರಡು ಗಂಟೆ ಸರಿಸುತ್ತಾ ಹೊಂದಿಸಿಕೊಳ್ಳಿ. ಮಾತ್ರೆ ಕೈಚೀಲದಲ್ಲೇ ಇರಲಿ, ಲಗೇಜಿನಲ್ಲಿ ಹಾಕಬೇಡಿ. ಡಾಕ್ಟರ್ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಟ್ಯಾಕ್ರೋಲಿಮಸ್ ಅಂತಲೂ, ದಿನಕ್ಕೆ ಎಷ್ಟು ಸಲದ್ದು ಅಂತಲೂ ಬರೆಸಿಕೊಂಡು ಹೋಗಿ, ಇಲ್ಲಿನ ಬ್ರ್ಯಾಂಡ್ ಅಲ್ಲಿನವರಿಗೆ ಗೊತ್ತಿರುವುದಿಲ್ಲ.